ಕೃತ್ತಿಕೆ ಕಂಡ ಬೆಳಗು

ಪ್ರೀತಿಯ ಗೆಳೆಯಾ,

ಹೋದ ಶುಕ್ರವಾರ ಇಲ್ಲಿ ನ್ಯೂಜಿಲೆಂಡಿನಲ್ಲಿ ರಜೆ ಇತ್ತು. ಮತಾರಿಕಿ, ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಹೊಸ ವರ್ಷ. ಫೋನಿನಲ್ಲಿ ಹೇಳೋಣ ಅಂದುಕೊಂಡೆ, ಅರ್ಧಕ್ಕೇ ಗಂಟಲು ಕಟ್ಟುತ್ತೆ. ಅದಕ್ಕೇ ಈ ಪತ್ರ.

ಬೆಳಿಗ್ಗೆ ಆರಕ್ಕೆಲ್ಲ ಆಫೀಸಿನ ಗೆಳತಿಯೊಬ್ಬರ ಮನೆಯವರ ಜೊತೆ ವೆಲ್ಲಿಂಗ್ಟನ್ನಿನ ಮೌಂಟ್ ವಿಕ್ಟೋರಿಯಾ ಗುಡ್ಡ ಹತ್ತಿದೆ. ಜೂನ್ ಅಂದರೆ ಇಲ್ಲಿ ಕೊರೆಯುವ ಚಳಿ, ಸೂರ್ಯ ಹುಟ್ಟೋದೇ ಏಳೂಮುಕ್ಕಾಲಿಗೆ. ಆಕೆ ಮಾವೋರಿ. ಸಾಲಾಗಿರುವ ಮೂರು ಚುಕ್ಕಿ ಹುಡುಕಿ, ಅಲ್ಲಿಂದ ಎಡಕ್ಕೆ ಬಂದರೆ ಒಂದು ಕೆಂಪು ಚುಕ್ಕಿ, ಇನ್ನೂ ಎಡಕ್ಕೆ ಬನ್ನಿ ಅಂದರು. ಬೆಟ್ಟದ ಸಾಲಿನ ಸ್ವಲ್ಪ ಮೇಲೆ, ಹೆಬ್ಬೆರಳಲ್ಲಿ ಮುಚ್ಚಬಹುದಾದಷ್ಟು ಪುಟ್ಟ ಗೊಂಚಲು. ಕೃತ್ತಿಕೆ ಕಣೋ! ಇವರ ಮತಾರಿಕಿ ಅಂದರೆ ಅದೇ. ಕೆಂಪಗಿದ್ದದ್ದು ರೋಹಿಣಿ. ಆ ಮೂರು, ಮೃಗಶಿರದ ಪಕ್ಕದ ಚುಕ್ಕಿಗಳು. ಅಪ್ಪ ಬೆರಳು ಮಡಚಿ ಮಳೆ ಲೆಕ್ಕ ಹಾಕುತ್ತಿದ್ದ ಅದೇ ಸಾಲು.

ಕೃತ್ತಿಕೆ ಮಳೆ ಮೇ ನಡುವಿಗೆ ಬರುತ್ತಲ್ಲ, ಆಗ ಸೂರ್ಯ ಆ ನಕ್ಷತ್ರದಲ್ಲೇ ಇರುತ್ತಾನೆ. ಅವನ ಬೆಳಕಿನಲ್ಲಿ ಅದು ಯಾರಿಗೂ ಕಾಣಲ್ಲ. ನೀನು ಹೊಲ ಹದ ಮಾಡುವ ಹೊತ್ತಿಗೆ ಇಲ್ಲಿಯವರಿಗೆ ಮತಾರಿಕಿ ಮರೆಯಾಗಿರುತ್ತೆ. ಅದು ಮುಂಜಾನೆ ಮತ್ತೆ ಮೂಡಿದಾಗ ಹೊಸ ವರ್ಷ. ಜೊತೆಗೆ ಚಂದ್ರನನ್ನೂ ನೋಡಬೇಕು, ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು. ಅದಕ್ಕೇ ರಜೆ ಜರುಗುತ್ತಾ ಇರುತ್ತೆ: 2022ರಲ್ಲಿ ಜೂನ್ 24, 2023ರಲ್ಲಿ ಜುಲೈ 14, ಈ ಸಲ, 2025ರಲ್ಲಿ, ಜೂನ್ 20. ವಾರ ಮಾತ್ರ ಯಾವಾಗಲೂ ಶುಕ್ರವಾರ. ತಾರೀಕು ಬದಲಾಗುತ್ತೆ ಅಂತ ಕೆಲವರಿಗೆ ಕಿರಿಕಿರಿ. ಪಂಚಾಂಗ ನೋಡಿ ಯುಗಾದಿ ಮಾಡಿದ ನನಗೆ ಅದೇ ಸರಿ ಅನ್ನಿಸುತ್ತೆ.

ಗೊಂಚಲಿನಲ್ಲಿ ಒಂಬತ್ತು ನಕ್ಷತ್ರ ಎಣಿಸುತ್ತಾರೆ. ಗೆಳತಿ ಒಂದು ಪಾತ್ರೆ ಹೊತ್ತು ತಂದಿದ್ದರು. ಒಳಗೆ ಗೆಣಸು, ಕೋಳಿ, ಹೊಳೆಯ ಹಾವುಮೀನು, ಕಡಲ ಮೀನು. ಮಣ್ಣಿನದು, ಮೇಲಿನದು, ಸಿಹಿನೀರಿನದು, ಉಪ್ಪುನೀರಿನದು, ಒಂದೊಂದಕ್ಕೆ ಒಂದೊಂದು ನಕ್ಷತ್ರ. ಮುಚ್ಚಳ ತೆಗೆದರು. ಬೆಳ್ಳಗೆ ಹಬೆ ಎದ್ದು, ಗಾಳಿಗೆ ಓರೆಯಾಗಿ ಮೇಲೆ ಹೋಯಿತು. ಆ ಹಬೆಯೇ ನಕ್ಷತ್ರಗಳಿಗೆ ಎಡೆ. ಎಡೆ ಅನ್ನೋದು ನನ್ನ ಮಾತು, ಬೇರೆ ಪದ ಹೊಳೆಯಲಿಲ್ಲ.

ಪೊಹುತುಕವ ಅನ್ನುವ ನಕ್ಷತ್ರ ಸತ್ತವರದ್ದು. ಆ ವರ್ಷ ತೀರಿಹೋದವರ ಹೆಸರನ್ನು ಅದರ ಕಡೆ ಮುಖ ಮಾಡಿ ಕೂಗುತ್ತಾರೆ. ಆಕೆ ತಮ್ಮ ಅಜ್ಜಿಯ ಹೆಸರು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮವರು ಯಾರಾದರೂ ಇದ್ದಾರಾ ಅಂತ ಕೇಳಿದರು. ನಾನು ಅಪ್ಪನ ಹೆಸರು ಕೂಗಿದೆ. ಜೋರಾಗೇ ಕೂಗಿದೆ. ನಾನು ಊರಿಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು, ಹೆಗಲು ಕೊಟ್ಟವನು ನೀನು. ಅಪ್ಪನನ್ನು ಕಳಿಸಿಕೊಟ್ಟೆ ಅಂತ ನನಗೆ ಅನ್ನಿಸಿದ್ದು ಈಗಲೇ.

ಇನ್ನೊಂದು ವಿಷಯ ಹೇಳಲೇಬೇಕು. ಇವತ್ತು ಮತಾರಿಕಿ ಬಗ್ಗೆ ಜನರಿಗೆ ಗೊತ್ತಿರುವುದರಲ್ಲಿ ತುಂಬಾ ಭಾಗ ಒಂದು ಹಸ್ತಪ್ರತಿಯಿಂದ ಬಂದದ್ದು. ರಂಗಿ ಮಾತಾಮುವಾ ಅನ್ನುವ ವಿದ್ವಾಂಸರ ಹಿರಿಯರು 1898ರಲ್ಲಿ ಬರೆಯಲು ಶುರುಮಾಡಿ 1933ರವರೆಗೆ ಬರೆದ 400 ಪುಟ. ನಕ್ಷತ್ರಗಳ ಹೆಸರು, ಅವುಗಳ ವಿಚಾರ, ಎಲ್ಲ ಅದರಲ್ಲಿದೆ. ಎಷ್ಟೋ ವರ್ಷ ಮನೆಯ ಬೀರುವಿನಲ್ಲಿತ್ತು. ಅಜ್ಜ ಅದನ್ನು ಮೊಮ್ಮಗ ರಂಗಿಯವರ ಕೈಗೆ ಕೊಟ್ಟರು. ಆ ಮೊಮ್ಮಗ ಮುಂದೆ ರಜೆಯ ತಾರೀಕು ಗೊತ್ತುಮಾಡುವ ಸಮಿತಿಯ ಮುಖ್ಯಸ್ಥರಾದರು. 2022ರಲ್ಲಿ ಈ ರಜೆಗೆ ಕಾನೂನೇ ಆಯಿತು, 2052ರವರೆಗಿನ ತಾರೀಕುಗಳು ಅದರಲ್ಲಿವೆ. ಅಂಗಡಿಗಳು ಇದನ್ನೂ ಡಿಸ್ಕೌಂಟ್ ಸೇಲ್ ಮಾಡಿಕೊಂಡರೆ, ಕತ್ತಲೆ ಬೇಕಾದ ಹಬ್ಬಕ್ಕೆ ಪಟಾಕಿ ಹಾರಿಸಿದರೆ ನನಗೆ ಸಂಕಟ ಆಗುತ್ತೆ.

ನಮ್ಮ ಮನೆ ಬೀಗದ ಕೈ ನಿನ್ನ ಹತ್ತಿರವೇ ಇದೆ ಅಲ್ವಾ? ನಡುಮನೆಯ ಮೊಳೆಗೆ ಅಪ್ಪನ ಪಂಚಾಂಗಗಳು ನೇತಾಡುತ್ತಿವೆ. ಭರಣಿ ಎಷ್ಟು ಬಂತು, ಕೃತ್ತಿಕೆ ಕೈ ಕೊಟ್ಟಿತಾ, ಎಲ್ಲವನ್ನೂ ಪೆನ್ಸಿಲಿನಲ್ಲಿ ಅಂಚಿಗೆ ಬರೆದಿದ್ದಾರೆ. ಸೋರುವ ಗೋಡೆ ಅದು. ಮಳೆ ಜೋರಾಗೋ ಮೊದಲು ಇಳಿಸಿ ನಿಮ್ಮ ಮನೆಯಲ್ಲಿ ಇಟ್ಟುಕೋ. ಒಂದೂ ರದ್ದಿಗೆ ಹೋಗಬಾರದು. ಡಿಸೆಂಬರಿನಲ್ಲಿ ನಾನೇ ಬಂದು ತಗೊಂಡು ಹೋಗುತ್ತೇನೆ.

ನಿನ್ನ ಗೆಳೆಯ