ಡೊಂಬಿವಲಿಯಲ್ಲಿರುವ ಮಗಳಿಗೆ

ಪ್ರೀತಿಯ ಮಗಳೇ,

ಮುಂಬಯಿಯ ಲೋಕಲ್ ರೈಲಿನಲ್ಲಿ ಯಾರಿಗೂ ರೀತಿ-ರಿವಾಜು ಇಲ್ಲ ಅಂತ ಫೋನಿನಲ್ಲಿ ಬೈದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೀನು ಹುಟ್ಟುವ ಮೊದಲು ನಾನೂ ಡೊಂಬಿವಲಿಯಿಂದಲೇ ದಾದರಿಗೆ ಕೆಲಸಕ್ಕೆ ಹೋಗಿ ಬಂದವಳು. ರಿವಾಜು ಇದೆ, ಎಲ್ಲೂ ಬರೆದು ಹಾಕಿಲ್ಲ ಅಷ್ಟೆ.

ಸಂಜೆ ಘಾಟ್ಕೋಪರಿನಲ್ಲಿ ಲೇಡೀಸ್ ಡಬ್ಬಾ, ಅಂದರೆ ಹೆಂಗಸರ ಬೋಗಿ, ಹತ್ತಿದ ಕೂಡಲೇ ಕೂತವರನ್ನು "ಕಹಾಂ ಉತರ್ನಾ ಹೈ?" (ಎಲ್ಲಿ ಇಳಿಯಬೇಕು?) ಅಂತ ಕೇಳು. ಸಂಕೋಚ ಬೇಡ. ಠಾಣೆ ಅಂದವಳ ಸೀಟು ಠಾಣೆಯಿಂದಾಚೆ ನಿನ್ನದು. ಪಕ್ಕದಲ್ಲಿ ಯಾರೇ ನಿಂತಿರಲಿ, ಮೊದಲು ಕೇಳಿದವಳಿಗೇ ಹಕ್ಕು. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಿಗೂ ಒಂದಿಷ್ಟು ಜಾಗ ಕೊಡಲೇಬೇಕು; ಕೊಡದಿದ್ದರೆ ಇಡೀ ಡಬ್ಬಾ ಜಗಳಕ್ಕೆ ಬರುತ್ತದೆ! ಬ್ಯಾಗು ಬೆನ್ನಿಗಲ್ಲ, ಎದೆಗೆ. ಬೆಳಿಗ್ಗೆ ಠಾಣೆ ಬಿಟ್ಟ ಮೇಲೆ ಮುಂದಿರುವವಳನ್ನು "ಘಾಟ್ಕೋಪರ್?" ಅಂತ ಕೇಳು. ಹೌದೆಂದರೆ ಅವಳ ಹಿಂದೆಯೇ ನಿಂತುಬಿಡು, ಗುಂಪೇ ನಿನ್ನನ್ನು ಇಳಿಸುತ್ತದೆ.

ನಿನಗೆ ಅಲ್ಲಿಂದ ಅಂಧೇರಿಗೆ ಮೆಟ್ರೋ ಇದೆ, ಪುಣ್ಯವಂತೆ. 2014ಕ್ಕೆ ಮೊದಲು ಲೋಕಲಿನಲ್ಲಿ ಅಂಧೇರಿಗೆ ಹೋಗುವವರು ಸಾಮಾನ್ಯವಾಗಿ ದಾದರಿನ ಸೇತುವೆ ಹತ್ತಿ, ಅಂಧೇರಿ ಕಡೆಯ ವೆಸ್ಟರ್ನ್ ಲೈನಿಗೆ ದಾಟಬೇಕಿತ್ತು.

ಆ ಲೇಡೀಸ್ ಡಬ್ಬಾದಲ್ಲಿ ಕೂತು ಬಟಾಣಿ ಸುಲಿದಿದ್ದೇನೆ, ಮರಾಠಿ ಕಲಿತಿದ್ದೇನೆ, ಅತ್ತೆಯರ ಮೇಲಿನ ದೂರು ಕೇಳಿ ಕೇಳಿ ನಕ್ಕಿದ್ದೇನೆ. ನವರಾತ್ರಿಗೆ ದಿನಕ್ಕೊಂದು ಬಣ್ಣದ ಬಟ್ಟೆ ಅಂತ ಅಲ್ಲಿ ಹೇಳುತ್ತಾರೆ. ಆ ಪಟ್ಟಿ ಸಿಕ್ಕಿದ ದಿನ ನನಗೂ ಕಳಿಸು. ನನ್ನ ಹಸಿರು ಸೀರೆ ಬೇಕಾದರೆ ಕೊರಿಯರ್ ಮಾಡುತ್ತೇನೆ.

ಆದರೆ ಬಾಗಿಲಲ್ಲಿ ನಿಲ್ಲುವ ವಿಷಯದಲ್ಲಿ ನಿನ್ನ ಮಾತು ಕೇಳುವವಳಲ್ಲ ನಾನು. "ಒಳಗೆ ಜಾಗ ಇರ್ಲಿಲ್ಲ ಅಮ್ಮ, ದಿವಾವರೆಗೆ ಕಂಬ ಹಿಡಿದು ನಿಂತಿದ್ದೆ" ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಆ ದಿವಾ ದಾಟಿದ ಮೇಲೇ ಮುಂಬ್ರಾ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಅಕ್ಕಪಕ್ಕದ ಹಳಿಗಳಲ್ಲಿ ಎದುರುಬದುರು ಬಂದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು, ಕೆಲವರು ಸತ್ತರು. ಟಿವಿಯಲ್ಲಿ ಆಮೇಲೆ ಮುಂಬಯಿಯವರ ಧೈರ್ಯದ ಗುಣಗಾನ. ನನಗೆ ಮೈಯೆಲ್ಲಾ ಉರಿಯಿತು. ಹಾಗೆ ಜೋತಾಡುವವರಿಗೆ ಧೈರ್ಯಕ್ಕಿಂತ ಹಾಜರಿ ಪುಸ್ತಕದ ಭಯ ಹೆಚ್ಚು, ನಾನು ಕಂಡಿಲ್ಲವೇ?

ಹಾಗಾಗಿ ಕಲ್ಯಾಣದಿಂದ ತುಂಬಿ ಬರುವ ಫಾಸ್ಟಿಗೆ ನುಗ್ಗಬೇಡ. ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳಿವೆ, ಅವುಗಳ ಟೈಮು ಬರೆದಿಟ್ಟುಕೋ. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಆದರೂ ಪರವಾಗಿಲ್ಲ. ಲೇಟ್ ಮಾರ್ಕ್ ಬಿದ್ದರೆ ಬೀಳಲಿ. ಸಂಬಳ ಕಡಿದರೆ ನನಗೆ ಹೇಳು, ನಿನ್ನ ಅಪ್ಪನಿಗೆ ಹೇಳಬೇಡ.

ರಾತ್ರಿ ತಡವಾದರೆ ಪೊಲೀಸ್ ಇರುವ ಲೇಡೀಸ್ ಡಬ್ಬಾ ನೋಡಿ ಹತ್ತು. ಏನಾದರೂ ಆದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನು.

ಮತ್ತೆ, ತಿಂಗಳು ತಿಂಗಳು ಪಾಸು ಮಾಡಿಸುತ್ತಾ ಕೂರಬೇಡ. ಮೂರು ತಿಂಗಳದ್ದು ಮಾಡಿಸಿದರೆ ಅಗ್ಗ.

ನಿನ್ನ
ಅಮ್ಮ