ರದ್ದಾಗಲಿರುವ ಕೌನ್ಸಿಲ್‌ಗೂ ಚುನಾವಣೆ ತಪ್ಪಬಾರದು: ಬ್ರಿಟನ್ನಿನ ಸ್ಥಳೀಯ ಆಡಳಿತ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಸ್ಥಳೀಯ ಆಡಳಿತ ಖಾತೆಯ ಮಾನ್ಯ ಸಚಿವರು,
ಬ್ರಿಟನ್ ಸರ್ಕಾರ, ಲಂಡನ್

ವಿಷಯ: ಪುನರ್‌ರಚನೆಯ ಕಾರಣ ನೀಡಿ ಸ್ಥಳೀಯ ಚುನಾವಣೆಗಳನ್ನು ಮುಂದೂಡುವ ಪದ್ಧತಿಯನ್ನು ಕೈಬಿಡುವ ಕುರಿತು

ಮಾನ್ಯರೇ,

ಇಂಗ್ಲೆಂಡಿನಲ್ಲಿ ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಹಂತದ ಕೌನ್ಸಿಲ್‌ಗಳಿರುವ (ಅಂದರೆ ಚುನಾಯಿತ ಸ್ಥಳೀಯ ಆಡಳಿತ ಸಂಸ್ಥೆಗಳಿರುವ) ಕಡೆಗಳಲ್ಲಿ ಅವನ್ನು ತೆಗೆದು ಒಂದೇ ಹಂತದ ಕೌನ್ಸಿಲ್‌ಗಳನ್ನು ಸ್ಥಾಪಿಸುವ ಕೆಲಸ ತಮ್ಮ ಖಾತೆಯಲ್ಲಿ ನಡೆದಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ನನ್ನ ಆಕ್ಷೇಪವಿರುವುದು ಆ ಕೆಲಸದ ಜೊತೆಗೆ ಬಂದ ಇನ್ನೊಂದು ತೀರ್ಮಾನದ ಬಗ್ಗೆ. 2025ರ ಮೇ ತಿಂಗಳಲ್ಲಿ ಎಸೆಕ್ಸ್, ಹ್ಯಾಂಪ್‌ಶೈರ್, ನಾರ್ಫೋಕ್, ಸಫೋಕ್, ಸರ‍್ರೆ, ಈಸ್ಟ್ ಸಸೆಕ್ಸ್, ವೆಸ್ಟ್ ಸಸೆಕ್ಸ್, ಥರಕ್ ಮತ್ತು ಐಲ್ ಆಫ್ ವೈಟ್ ಕೌನ್ಸಿಲ್‌ಗಳಿಗೆ ನಡೆಯಬೇಕಿದ್ದ ಚುನಾವಣೆಗಳನ್ನು ಸರ್ಕಾರ ಮುಂದೂಡಿತು. ಪುನರ್‌ರಚನೆಗೆ ಸಿದ್ಧತೆ ಮಾಡಿಕೊಳ್ಳಲು ಸಮಯ ಬೇಕು ಎಂಬುದು ಕೊಟ್ಟ ಕಾರಣ.

ನಾನು ಲಂಡನ್‌ನಲ್ಲಿ ನೆಲೆಸಿರುವ ಕನ್ನಡಿಗ. ಕಾಮನ್‌ವೆಲ್ತ್ ದೇಶದ ಪ್ರಜೆಯಾದ್ದರಿಂದ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಮತ ಹಾಕುವ ಹಕ್ಕು ನನಗಿದೆ. ಈ ಹಕ್ಕು ತಮಗೂ ಇದೆಯೆಂಬುದು ಇಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಆದ್ದರಿಂದ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿ, ಅವರೂ ಓದಲೆಂದು ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ. ಮುಂದೂಡಿಕೆಯ ದಾರಿ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ತಮ್ಮ ದೇಶದ ರಾಜಧಾನಿಯಲ್ಲೇ ಒಂದು ನಿದರ್ಶನವಿದೆ. ಅದು ಇಡೀ ಲಂಡನ್ನಿಗೆಂದು ಚುನಾಯಿತವಾಗುತ್ತಿದ್ದ, 1986ರಲ್ಲಿ ರದ್ದಾದ ಗ್ರೇಟರ್ ಲಂಡನ್ ಕೌನ್ಸಿಲ್‌ನ ಚುನಾವಣಾ ಇತಿಹಾಸ.

ಅದಕ್ಕೂ ಮೊದಲು, 1889ರಿಂದ ಇದ್ದ ಲಂಡನ್ ಕೌಂಟಿ ಕೌನ್ಸಿಲ್ 1934ರಿಂದ ಕೊನೆಯವರೆಗೂ ಲೇಬರ್ ಪಕ್ಷದ ಕೈಯಲ್ಲಿತ್ತು. ಕನ್ಸರ್ವೇಟಿವ್ ಸರ್ಕಾರ 1963ರಲ್ಲಿ ಹೊಸ ಕಾಯ್ದೆ ತಂದು, ಸುತ್ತಲಿನ ಉಪನಗರಗಳನ್ನೂ ಸೇರಿಸಿಕೊಂಡು, 32 ಬರೋಗಳು (ತಮ್ಮದೇ ಕೌನ್ಸಿಲ್ ಇರುವ ನಗರದ ವಿಭಾಗಗಳು) ಮತ್ತು ಹಳೆಯ ಸಿಟಿ ಪ್ರದೇಶದ ಮೇಲೆ ಗ್ರೇಟರ್ ಲಂಡನ್ ಕೌನ್ಸಿಲ್ ಅನ್ನು ರಚಿಸಿತು. ಉಪನಗರಗಳ ಮತಗಳನ್ನು ಕೂಡಿಸಿ ಲಂಡನ್ನನ್ನು ತಮ್ಮ ಕೈಯಿಂದ ಕಸಿಯುವ ಹಂಚಿಕೆ ಇದು ಎಂದು ಲೇಬರ್ ಪಕ್ಷದವರು ದೂರಿದರು. ಆದರೆ 1964ರ ಏಪ್ರಿಲ್ 9ರಂದು ನಡೆದ ಮೊದಲ ಚುನಾವಣೆಯಲ್ಲಿ ನೂರು ಸ್ಥಾನಗಳ ಪೈಕಿ 64 ಲೇಬರ್‌ಗೆ, 36 ಕನ್ಸರ್ವೇಟಿವ್‌ಗೆ ಬಂದವು.

1967ರಲ್ಲಿ ಫಲಿತಾಂಶ ಪೂರ್ತಿ ತಿರುಗಿತು. ಕನ್ಸರ್ವೇಟಿವ್ ಪಕ್ಷ 82 ಸ್ಥಾನ ಗೆದ್ದಿತು, ಲೇಬರ್‌ಗೆ ಉಳಿದದ್ದು 18. ಆಗ ಇಡೀ ಬರೋ ಒಂದೇ ಕ್ಷೇತ್ರವಾಗಿದ್ದು ಎರಡರಿಂದ ನಾಲ್ಕು ಸದಸ್ಯರನ್ನು ಒಟ್ಟಿಗೆ ಆರಿಸುತ್ತಿದ್ದುದರಿಂದ ಗೆದ್ದವರ ಬಲ ಮತಗಳ ಪ್ರಮಾಣಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತಿತ್ತು. 1970ರಲ್ಲಿ ಕನ್ಸರ್ವೇಟಿವ್ ಪಕ್ಷವೇ 65 ಸ್ಥಾನಗಳೊಂದಿಗೆ ಅಧಿಕಾರ ಉಳಿಸಿಕೊಂಡಿತು. 1973ರಿಂದ ಏಕಸದಸ್ಯ ಕ್ಷೇತ್ರಗಳು ಬಂದು ಒಟ್ಟು ಸ್ಥಾನಗಳು 92 ಆದವು. ಆ ವರ್ಷ ಲೇಬರ್ 58, ಕನ್ಸರ್ವೇಟಿವ್ 32, ಲಿಬರಲ್ 2. 1977ರಲ್ಲಿ ಕನ್ಸರ್ವೇಟಿವ್ 64, ಲೇಬರ್ 28. 1981ರ ಮೇ 7ರಂದು ಲೇಬರ್ 50, ಕನ್ಸರ್ವೇಟಿವ್ 41, ಲಿಬರಲ್ 1.

ಈ ಆರು ಫಲಿತಾಂಶಗಳನ್ನು ಆಯಾ ದಿನ ದೇಶವನ್ನು ಆಳುತ್ತಿದ್ದ ಪಕ್ಷದ ಜೊತೆಗಿಟ್ಟು ನೋಡಬೇಕೆಂದು ತಮ್ಮಲ್ಲಿ ಕೋರುತ್ತೇನೆ. 1964ರಲ್ಲಿ ಕನ್ಸರ್ವೇಟಿವ್ ಸರ್ಕಾರವಿತ್ತು, ಗೆದ್ದದ್ದು ಲೇಬರ್. 1967 ಮತ್ತು 1970ರಲ್ಲಿ ವಿಲ್ಸನ್ ಅವರ ಲೇಬರ್ ಸರ್ಕಾರವಿತ್ತು, ಗೆದ್ದದ್ದು ಕನ್ಸರ್ವೇಟಿವ್. 1973ರಲ್ಲಿ ಹೀತ್, 1977ರಲ್ಲಿ ಕ್ಯಾಲಹನ್, 1981ರಲ್ಲಿ ಥ್ಯಾಚರ್ ಪ್ರಧಾನಿಗಳಾಗಿದ್ದರು, ಮೂರು ಸಲವೂ ಅವರವರ ಪಕ್ಷಗಳು ಲಂಡನ್‌ನಲ್ಲಿ ಸೋತವು. ಒಂದು ಚುನಾವಣೆಯಲ್ಲಿಯೂ ಆಳುವ ಪಕ್ಷ ಗೆಲ್ಲಲಿಲ್ಲ. ಥೇಮ್ಸ್ ನದಿಯ ಒಂದು ದಡದಲ್ಲಿ ಸಂಸತ್ತು, ಎದುರು ದಡದಲ್ಲಿ ಕೌನ್ಸಿಲ್‌ನ ಕೌಂಟಿ ಹಾಲ್. ಸರ್ಕಾರದ ಬಗ್ಗೆ ನಡುಅವಧಿಯಲ್ಲಿ ಜನರಿಗೆ ಏನನ್ನಿಸುತ್ತಿದೆ ಎಂಬುದನ್ನು ಎದುರು ದಡದ ಸಭಾಂಗಣ ಪ್ರತಿ ಸಲವೂ ತೋರಿಸಿಕೊಟ್ಟಿತು. ಮತದಾರರ ಕೈಯಲ್ಲಿ ಇದಕ್ಕಿಂತ ಉಪಯುಕ್ತವಾದ ಸಾಧನ ಮತ್ತೊಂದಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ.

1981ರ ನಂತರದ ಕೌನ್ಸಿಲ್‌ನಲ್ಲಿ ದೋಷಗಳಿರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಲೇಬರ್ ಪಕ್ಷವನ್ನು ಚುನಾವಣೆಯಲ್ಲಿ ಮುನ್ನಡೆಸಿದ್ದ ಆಂಡ್ರೂ ಮ್ಯಾಕಿಂಟಾಷ್ ಅವರನ್ನು ಗೆದ್ದ ಮರುದಿನವೇ ಪಕ್ಷದ ಸದಸ್ಯರು 20ರ ವಿರುದ್ಧ 30 ಮತಗಳಿಂದ ಇಳಿಸಿ ಕೆನ್ ಲಿವಿಂಗ್‌ಸ್ಟನ್ ಅವರನ್ನು ನಾಯಕರನ್ನಾಗಿ ಮಾಡಿದರು. ಮತದಾರರಿಗೆ ತೋರಿಸಿದ ಮುಖ ಒಂದು, ಕುರ್ಚಿಯಲ್ಲಿ ಕೂತವರು ಇನ್ನೊಬ್ಬರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದೇ ವರ್ಷ ಪ್ರಣಾಳಿಕೆಯಲ್ಲಿ ಮಾತುಕೊಟ್ಟಂತೆ ಬಸ್ಸು ಮತ್ತು ಸುರಂಗ ರೈಲಿನ ದರಗಳನ್ನು ಇಳಿಸಿದಾಗ, ಬ್ರಾಮ್ಲಿ ಬರೋ ಹೂಡಿದ ದಾವೆಯಲ್ಲಿ ಆ ಕ್ರಮ ಕಾನೂನುಬಾಹಿರವೆಂದು ಆಗ ದೇಶದ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಸಂಸತ್ತಿನ ಮೇಲ್ಮನೆ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಡಿಸೆಂಬರ್‌ನಲ್ಲಿ ತೀರ್ಪಿತ್ತರು. ಕೌಂಟಿ ಹಾಲ್‌ನ ಛಾವಣಿಯ ಮೇಲೆ ಲಂಡನ್ನಿನ ನಿರುದ್ಯೋಗಿಗಳ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಸಂಸತ್ತಿಗೆ ಕಾಣುವಂತೆ ಕಟ್ಟಿದ್ದು ಸರ್ಕಾರವನ್ನು ಇನ್ನಷ್ಟು ಕೆರಳಿಸಿತು. ಇವೆಲ್ಲವೂ ಒಪ್ಪಿಗೆಯಾಗದವರಿಗೆ 1985ರ ಮೇ ತಿಂಗಳಲ್ಲಿ ಚುನಾವಣೆ ಬರುವುದಿತ್ತು. ಅಲ್ಲಿ ಸೋಲಿಸಬಹುದಿತ್ತು.

ಆ ಅವಕಾಶವನ್ನು ಸರ್ಕಾರ ಜನರಿಗೆ ಕೊಡಲಿಲ್ಲ. ಕೌನ್ಸಿಲ್ ಅನ್ನು ರದ್ದುಪಡಿಸುವುದಾಗಿ 1983ರ ಪ್ರಣಾಳಿಕೆಯಲ್ಲಿ ಹೇಳಿದ್ದ ಕನ್ಸರ್ವೇಟಿವ್ ಪಕ್ಷ, ರದ್ದತಿಯ ಮುಖ್ಯ ಮಸೂದೆಗೆ ಮೊದಲೇ, 1984ರಲ್ಲಿ, 1985ರ ಚುನಾವಣೆಯನ್ನು ಕೈಬಿಡುವ ಇನ್ನೊಂದು ಮಸೂದೆಯನ್ನು ತಂದಿತು. ಅದರ ಮೊದಲ ರೂಪದಲ್ಲಿ, ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬರೋಗಳು ನಾಮಕರಣ ಮಾಡಿದವರು ಕೊನೆಯ ತಿಂಗಳುಗಳಲ್ಲಿ ಕೌನ್ಸಿಲ್ ನಡೆಸಬೇಕಿತ್ತು. ಹೆಚ್ಚಿನ ಬರೋಗಳು ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿದ್ದುದರಿಂದ, ಹಾಗಾಗಿದ್ದರೆ ಒಂದೇ ಒಂದು ಮತ ಬೀಳದೆ ಎಪ್ಪತ್ತು ಲಕ್ಷದ ಹತ್ತಿರ ಜನರಿದ್ದ ನಗರದ ಆಡಳಿತ ಲೇಬರ್ ಪಕ್ಷದಿಂದ ಕನ್ಸರ್ವೇಟಿವ್ ಪಕ್ಷಕ್ಕೆ ಹೋಗುತ್ತಿತ್ತು. ಇದನ್ನು ಎಲ್ಲರಿಗಿಂತ ಕಟುವಾಗಿ ಖಂಡಿಸಿದವರಲ್ಲಿ ಅದೇ ಪಕ್ಷದ ಮಾಜಿ ಪ್ರಧಾನಿ ಎಡ್ವರ್ಡ್ ಹೀತ್ ಒಬ್ಬರು. 1984ರ ಜೂನ್‌ನಲ್ಲಿ ಲಾರ್ಡ್ಸ್ ಸಭೆ, ಕನ್ಸರ್ವೇಟಿವ್ ಸದಸ್ಯರೇ ಹೆಚ್ಚಿದ್ದ ಸಭೆ, ರದ್ದತಿಯನ್ನು ಸಂಸತ್ತು ಒಪ್ಪುವ ಮೊದಲೇ ಚುನಾವಣೆಯನ್ನು ಕೈಬಿಡುವುದು ಸಲ್ಲದೆಂದು ಸರ್ಕಾರವನ್ನು ಸೋಲಿಸಿತು. ಸರ್ಕಾರ ನಾಮಕರಣದ ಏರ್ಪಾಡನ್ನು ಬಿಟ್ಟಿತು. ಚುನಾವಣೆಯನ್ನು ಮಾತ್ರ ನಡೆಸಲಿಲ್ಲ. ಇದ್ದ ಸದಸ್ಯರ ಅವಧಿಯನ್ನೇ ಒಂದು ವರ್ಷ ಹಿಗ್ಗಿಸಿತು.

ಆಗ ಲಿವಿಂಗ್‌ಸ್ಟನ್ ಸೇರಿ ನಾಲ್ವರು ಲೇಬರ್ ಸದಸ್ಯರು ರಾಜೀನಾಮೆ ಕೊಟ್ಟು, ರದ್ದತಿಯ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು 1984ರ ಸೆಪ್ಟೆಂಬರ್ 20ರಂದು ಉಪಚುನಾವಣೆ ಎದುರಿಸಿದರು. ಕನ್ಸರ್ವೇಟಿವ್ ಪಕ್ಷ ಅಭ್ಯರ್ಥಿಗಳನ್ನೇ ನಿಲ್ಲಿಸಲಿಲ್ಲ. ನಾಲ್ವರೂ ಮತ್ತೆ ಆರಿಸಿ ಬಂದರು. ಆದರೆ ರದ್ದತಿ ಬೇಕೆನ್ನುವ ಪಕ್ಷವೇ ಕಣದಿಂದ ದೂರ ಉಳಿದ ಮೇಲೆ ಜನಾಭಿಪ್ರಾಯದ ತೂಕ ನೋಡುವುದು ಹೇಗೆ? ಉಳಿದ 88 ಕ್ಷೇತ್ರಗಳ ಮತದಾರರಿಗೆ ಅಷ್ಟೂ ದಕ್ಕಲಿಲ್ಲ. 1986ರ ಮಾರ್ಚ್ 31ರ ಮಧ್ಯರಾತ್ರಿ ಕೌನ್ಸಿಲ್ ಕೊನೆಗೊಂಡಿತು, ಜೊತೆಗೆ ಆರು ಮಹಾನಗರ ಕೌಂಟಿಗಳ ಕೌನ್ಸಿಲ್‌ಗಳೂ. ಮುಂದಿನ ಹದಿನಾಲ್ಕು ವರ್ಷ ಇಡೀ ಲಂಡನ್ನಿಗೆಂದು ಚುನಾಯಿತವಾದ ಆಡಳಿತವಿರಲಿಲ್ಲ. ಅಗ್ನಿಶಾಮಕ ದಳದಂಥ ಸೇವೆಯೂ ಬರೋಗಳು ನೇಮಿಸಿದ ಪ್ರತಿನಿಧಿಗಳ ಮಂಡಳಿಗೆ ಹೋಯಿತು. 1998ರ ಮೇ 7ರಂದು ನಡೆದ ಜನಮತಗಣನೆಯಲ್ಲಿ ಶೇ. 72ರಷ್ಟು ಮತಗಳು ಹೊಸ ನಗರಾಡಳಿತದ ಪರವಾಗಿ ಬಿದ್ದು, 2000ದಲ್ಲಿ ಮೇಯರ್ ಮತ್ತು ಅಸೆಂಬ್ಲಿಯ ಚುನಾವಣೆ ನಡೆಯಿತು.

1984ಕ್ಕೂ 2025ಕ್ಕೂ ವ್ಯತ್ಯಾಸಗಳಿವೆ. ಈಗ ಮುಂದೂಡಿಕೆಯನ್ನು ಆ ಕೌನ್ಸಿಲ್‌ಗಳೇ ಕೇಳಿದವು, ಮತ್ತು ಅವುಗಳ ಜಾಗಕ್ಕೆ ಬರುವವೂ ಚುನಾಯಿತ ಕೌನ್ಸಿಲ್‌ಗಳೇ. ಆದರೆ ಕೇಳಿದವರು ಯಾರು? ಚುನಾವಣೆ ನಡೆಯದಿದ್ದರೆ ಯಾರ ಅವಧಿ ತಾನಾಗಿ ಬೆಳೆಯುತ್ತದೆಯೋ ಅವರೇ. ಅಲ್ಲದೆ ಲಂಡನ್ನಿನ ಚುನಾವಣೆ ಕೈಬಿಡಲು ಥ್ಯಾಚರ್ ಸರ್ಕಾರ ಎರಡೂ ಸದನಗಳಲ್ಲಿ ಒಂದು ಪೂರ್ಣ ಮಸೂದೆಯನ್ನು ಗೆಲ್ಲಿಸಬೇಕಾಯಿತು, ದಾರಿಯಲ್ಲಿ ಸೋಲನ್ನೂ ಉಣ್ಣಬೇಕಾಯಿತು. 2025ರಲ್ಲಿ ಒಂಬತ್ತು ಕೌನ್ಸಿಲ್‌ಗಳ ವಿಷಯದಲ್ಲಿ ಸಚಿವರ ಒಂದು ಆದೇಶ ಸಾಕಾಯಿತು.

ಹೇಗೂ ಹೋಗಲಿರುವ ಸಂಸ್ಥೆಗೆ ಚುನಾವಣೆಯ ಖರ್ಚೇಕೆ ಎಂಬ ಪ್ರಶ್ನೆ ಬರುತ್ತದೆ. ಆಸ್ತಿ ಯಾರ ಪಾಲಿಗೆ, ಸಾಲ ಯಾರ ತಲೆಗೆ, ನೌಕರರು ಎಲ್ಲಿಗೆ ಎಂಬ ಮಾತುಕತೆಗಳು ಆ ಕೊನೆಯ ಅವಧಿಯಲ್ಲೇ ನಡೆಯುವುದರಿಂದ, ಅವನ್ನು ನಡೆಸುವವರಿಗೆ ಹೊಸ ಜನಾದೇಶ ಬೇಕಾಗುವುದು ಆಗಲೇ. ನನ್ನ ಊರು ಬೆಂಗಳೂರಿನ ಅನುಭವವೂ ಇದನ್ನೇ ಹೇಳುತ್ತದೆ. ನಗರಸಭೆಗಳ ಅವಧಿ ಐದು ವರ್ಷ ಮೀರಬಾರದು, ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು ಎಂದು ಭಾರತದ ಸಂವಿಧಾನ ಸ್ಪಷ್ಟವಾಗಿ ವಿಧಿಸಿದ್ದರೂ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವಾರ್ಡ್ ಮರುವಿಂಗಡಣೆ, ಮೀಸಲಾತಿ, ಪುನರ್‌ರಚನೆ ಎನ್ನುತ್ತ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಗರ ಉಳಿಯಿತು. ಸಂವಿಧಾನದ ತಡೆಯೇ ಸಾಲದೆ ಹೋಗಿರುವಾಗ, ಅಂಥ ಲಿಖಿತ ತಡೆ ಇಲ್ಲದ ಇಂಗ್ಲೆಂಡಿನಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ಆದ್ದರಿಂದ ತಮ್ಮಲ್ಲಿ ಮಾಡುವ ವಿನಂತಿ ಇಷ್ಟು. ಒಂದು ಕೌನ್ಸಿಲ್ ಅನ್ನು ರದ್ದುಪಡಿಸುವ ತೀರ್ಮಾನಕ್ಕೆ ಸಂಸತ್ತಿನ ಅಂಗೀಕಾರ ಸಿಗುವ ಮೊದಲು ಅದರ ಚುನಾವಣೆಯನ್ನು ಮುಂದೂಡಬಾರದೆಂದು, 1984ರಲ್ಲಿ ಲಾರ್ಡ್ಸ್ ಸಭೆ ಹಿಡಿದ ನಿಲುವನ್ನೇ, ಕಾಯ್ದೆಯಲ್ಲಿ ಸೇರಿಸಿರಿ. ಅನಿವಾರ್ಯವಾದ ಕಡೆಯೂ ಮುಂದೂಡಿಕೆ ಒಂದು ವರ್ಷ ಮೀರದಿರಲಿ, ಎರಡೂ ಸದನಗಳು ಮತ ಹಾಕಿ ಒಪ್ಪಿದ ಹೊರತು ಅದು ಜಾರಿಗೆ ಬಾರದಿರಲಿ. ತಮ್ಮ ಉತ್ತರವನ್ನು ಈ ಪತ್ರ ಪ್ರಕಟವಾದ ಕಡೆಯೇ ಪ್ರಕಟಿಸಲು ಅನುಮತಿಯನ್ನೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಲಂಡನ್ ನಿವಾಸಿಯಾದ ಒಬ್ಬ ಕನ್ನಡಿಗ ಮತದಾರ