ಮತ್ತೆ ಮಾಡಿದ್ದೆಲ್ಲ ನಕಲಲ್ಲ

ಮಾನ್ಯ ಸಂಪಾದಕರೇ,

ಬೆಂಕಿಗೆ ಆಹುತಿಯಾದ ಇಂಗ್ಲೆಂಡಿನ ಹಳೆ ಬಂಗಲೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಸುಟ್ಟುಹೋದ ಗಾರೆ ಸೀಲಿಂಗ್ ಮತ್ತೆ ಮಾಡಿದರೆ ಅದು ಬರೀ ನಕಲು ಅನ್ನೋದು ಲೇಖಕರ ವಾದ. ನಾನಿರುವುದು ಸರ್ರೆಯಲ್ಲಿ. ಅವರು ಹೇಳಿದ ಎರಡೂ ಮನೆ ನೋಡಿದ್ದೇನೆ. ಒಪ್ಪಲು ಮನಸ್ಸು ಬರಲಿಲ್ಲ.

ವೆಸ್ಟ್ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಬಂಗಲೆ ಹೊತ್ತಿಕೊಂಡಿದ್ದು 1989ರ ಆಗಸ್ಟ್ 30ರಂದು. ಚಾವಣಿ ರಿಪೇರಿ ಇನ್ನೇನು ಮುಗಿಯುವುದರಲ್ಲಿತ್ತು. ಸೀಸದ ತಗಡು ಬೆಸೆಯುವಾಗ ಮರಕ್ಕೆ ಬೆಂಕಿ ತಗುಲಿತು. ಹಿಂದಿನ ದಿನ ಹೇಗಿತ್ತೋ ಹಾಗೇ ಮಾಡುತ್ತೇವೆ ಎಂದು ಇಂಥ ಹಳೆ ಮನೆಗಳನ್ನು ನೋಡಿಕೊಳ್ಳುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಹೊರಟಿತು. ಅಲ್ಲೇ ತೊಡಕು ಶುರುವಾದದ್ದು. ಅಚ್ಚಿಲ್ಲದೆ, ಸೀಲಿಂಗ್ ಮೇಲೇ ಕೈಯಿಂದ ಹೂವು, ಎಲೆ ತಿದ್ದುವ ವಿದ್ಯೆ ಹೆಚ್ಚುಕಡಿಮೆ ಮರೆತೇಹೋಗಿತ್ತು. ಗಾರೆಯವರು ಅದನ್ನು ಅಲ್ಲೇ ಮತ್ತೆ ಕಲಿತರು.

ಈ ಕೆಲಸ ಸುಮ್ನೆ ಅಲ್ಲ. ತೊಲೆಗಳ ಅಡಿಗೆ ತೆಳು ಮರದ ಪಟ್ಟಿಗಳನ್ನು ಸಂದು ಬಿಟ್ಟು ಹೊಡೆಯುತ್ತಾರೆ. ಸುಣ್ಣ, ಮರಳು, ಪ್ರಾಣಿಗಳ ಕೂದಲು ಸೇರಿಸಿ ಕಲಸಿದ ಗಾರೆಯನ್ನು ಕರಣಿಯಲ್ಲಿ ಒತ್ತಿದರೆ ಅದು ಸಂದಿನಲ್ಲಿ ಮೇಲೆ ನುಗ್ಗಿ, ಪಟ್ಟಿಯ ಬೆನ್ನ ಮೇಲೆ ಮಡಚಿಕೊಂಡು ಕೂರುತ್ತದೆ. ಇಡೀ ಸೀಲಿಂಗ್ ನೇತಾಡುವುದು ಆ ಹಿಡಿತದಲ್ಲೇ. ಪ್ಲಾಸ್ಟರ್ ಆಫ್ ಪ್ಯಾರಿಸ್ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸುಣ್ಣ ನಿಧಾನ. ಅದಕ್ಕೇ ಎಲೆಯ ನರ ಗೀರಲು ಪುರುಸೊತ್ತು ಸಿಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ಹಾಕಿ ಗಾರೆ ಅರೆದ ನಮ್ಮವರಿಗೆ ಇದೇನೂ ಹೊಸ ಮಾತಲ್ಲ ಬಿಡಿ.

1995ರಲ್ಲಿ ಮತ್ತೆ ಬಾಗಿಲು ತೆರೆದ ಆ ಮನೆಯಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ನಿಂತಿದ್ದೆ. ಜೋಡಿ ಎಲೆಗಳಲ್ಲಿ ಒಂದರ ತುದಿ ಜಾಸ್ತಿ ಸುರುಳಿ, ಇನ್ನೊಂದರದು ಕಡಿಮೆ. ಬೂದಿಯಿಂದ ಹೆಕ್ಕಿ ತೆಗೆದ ಹಳೆ ತುಣುಕುಗಳೂ ಹೊಸದರ ನಡುವೆ ಸೇರಿಕೊಂಡಿವೆ.

ಇನ್ನೊಂದು ಮನೆ ಗಿಲ್ಡ್‌ಫರ್ಡ್ ಹತ್ತಿರದ ಕ್ಲಾಂಡನ್ ಪಾರ್ಕ್. ಹದಿನೆಂಟನೇ ಶತಮಾನದ್ದು. 2015ರ ಏಪ್ರಿಲ್ 29ಕ್ಕೆ ಸುಟ್ಟಿತು. ಅದರ ಮಾರ್ಬಲ್ ಹಾಲ್‌ನ ಸೀಲಿಂಗ್‌ನಲ್ಲಿ ಗಾರೆಯಲ್ಲಿ ತಿದ್ದಿದ ಮನುಷ್ಯರ ಆಕೃತಿಗಳು ಅಂಚಿನಿಂದ ಕಾಲು ಇಳಿಬಿಟ್ಟು ಕೂತಿದ್ದವು. ಈಗ ಫೋಟೋದಲ್ಲಷ್ಟೇ ನೋಡಬೇಕು. ಮುಖ್ಯ ಕೋಣೆಗಳನ್ನು ಮೊದಲಿನಂತೆ ಮಾಡುತ್ತೇವೆ ಎಂದಿದ್ದ ಟ್ರಸ್ಟ್, 2022ರಲ್ಲಿ ಮಾತು ಬದಲಿಸಿತು. ಬಹುಪಾಲು ಸುಟ್ಟ ಗೋಡೆಯಾಗಿಯೇ ಇರಲಿ ಎಂದಿತು. ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋಗಿದ್ದೆ. ಬೋಳು ಇಟ್ಟಿಗೆಗೂ ಒಂದು ಚೆಂದ ಇದೆ, ಇಲ್ಲ ಅನ್ನಲ್ಲ.

ಆದರೆ ಅಪ್‌ಪಾರ್ಕಿನಲ್ಲಿ ಕಲಿತವರಿಗೆ ಈಗ ವಯಸ್ಸಾಗುತ್ತಿದೆ. ಅವರು ಇನ್ನೊಬ್ಬರಿಗೆ ಕಲಿಸಲು ಒಂದು ಸೀಲಿಂಗ್ ಬೇಕಲ್ವಾ? ಲೇಖಕರು ಈ ಕಡೆ ಬಂದರೆ ಅಪ್‌ಪಾರ್ಕಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಯಾವ ಎಲೆ ಹಳೆಯದು, ಯಾವುದು ನಕಲು ಅಂತ ಕೆಳಗೆ ನಿಂತು ಅವರೇ ತೋರಿಸಲಿ.

– ಗಿಲ್ಡ್‌ಫರ್ಡ್‌ನ ಒಬ್ಬ ಓದುಗ